ಶಿಕ್ಷಕನ ಕನಿಷ್ಠ ವೇತನ: ಕೃಪೆಯೋ, ಕಾಯಿದೆಯೋ?

(ಶಿಕ್ಷಕರ ಕೂಟವೊಂದರಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ನಾನು ವೃತ್ತಿಯಿಂದ ವಕೀಲನು. ಶಿಕ್ಷಣಶಾಸ್ತ್ರದಲ್ಲಿ ನನಗೆ ಅಧಿಕಾರವಿಲ್ಲ. ಮಕ್ಕಳಿಗೆ ಹೇಗೆ ಕಲಿಸಬೇಕೆಂಬುದನ್ನು ನಿಮ್ಮೆದುರು ಹೇಳಹೊರಟರೆ ಅದು ಉದ್ಧಟತನವಾದೀತು. ಕಲಿಸುವವನಿಗೆ ಏನು ಕೊಡಬೇಕು, ಅದನ್ನು ಯಾವ ಬಲದಿಂದ ಕೊಡಿಸಬೇಕು ಎಂಬಷ್ಟನ್ನೇ ಇಂದು ನಿಮ್ಮ ವಿಚಾರಕ್ಕೆ ತರುವೆನು.

ಕೆಲವು ತಿಂಗಳ ಹಿಂದೆ ಸರಕಾರಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕಿಯೊಬ್ಬರು ನನ್ನ ಕಚೇರಿಗೆ ಬಂದಿದ್ದರು. ಡಿ.ಎಡ್. ಮುಗಿಸಿದವರು, ಅರ್ಹತಾ ಪರೀಕ್ಷೆಯಲ್ಲಿಯೂ ತೇರ್ಗಡೆಯಾದವರು, ಏಳು ವರ್ಷಗಳಿಂದ ಒಂದೇ ಶಾಲೆಯಲ್ಲಿ ಪಾಠ ಹೇಳುತ್ತಿರುವವರು. ಮೂರು ತಿಂಗಳ ಹಣ ಬಂದಿರಲಿಲ್ಲ. "ವಕೀಲ ಸಾಹೇಬ್ರ, ಇದಕ್ಕ ಕಾಯ್ದೆದಾಗ ಏನರ ಐತೇನ್ರಿ?" ಎಂದು ಕೇಳಿದರು. ಕಾಯಿದೆ ಪುಸ್ತಕಗಳ ಕಪಾಟು ನನ್ನ ಬೆನ್ನ ಹಿಂದೆಯೇ ಇದ್ದಿತು; ಆದರೂ ಉತ್ತರ ಕೊಡಲು ನನಗೆ ಹೊತ್ತು ಹಿಡಿಯಿತು. ಅವರು ತಂದಿದ್ದ ಆಜ್ಞಾಪತ್ರದಲ್ಲಿ 'ವೇತನ'ವೆಂಬ ಶಬ್ದವೇ ಇರಲಿಲ್ಲ. 'ಗೌರವ ಸಂಭಾವನೆ' ಎಂದಿದ್ದಿತು. ಗೌರವವೂ ಇಲ್ಲದ, ಸಂಭಾವನೆಯೂ ಸಮಯಕ್ಕೆ ಬಾರದ ವಸ್ತುವಿಗೆ ಇಷ್ಟು ಘನವಾದ ಹೆಸರನ್ನು ಯಾವ ಗುಮಾಸ್ತನು ಹುಡುಕಿದನೋ ತಿಳಿಯದು.

ಮೊದಲು ಅಂಕಿಗಳನ್ನು ನೋಡೋಣ. ನಮ್ಮ ರಾಜ್ಯದಲ್ಲಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕನಿಗೆ 2024-25ರಲ್ಲಿ ತಿಂಗಳಿಗೆ 10,000 ರೂಪಾಯಿ ಇದ್ದಿತು. 2025ರ ಆಯವ್ಯಯದಲ್ಲಿ 2,000 ರೂಪಾಯಿ ಏರಿಸುವುದಾಗಿ ಘೋಷಿಸಿದರು. ಅದೇ 2024-25ರಲ್ಲಿ ಉದ್ಯೋಗ ಖಾತರಿ ಕಾಯಿದೆಯ ಮೇರೆಗೆ ಕರ್ನಾಟಕದಲ್ಲಿ ಮಣ್ಣು ಹೊರುವವರ ದಿನಗೂಲಿ 349 ರೂಪಾಯಿ. ಇಪ್ಪತ್ತಾರು ದಿನಕ್ಕೆ ಲೆಕ್ಕ ಹಾಕಿರಿ: 9,074 ಆಗುವುದು. ಎರಡು ವರ್ಷದ ಶಿಕ್ಷಣ ತರಬೇತಿಗೆ ನಮ್ಮ ಸಮಾಜವು ಕಟ್ಟಿದ ಬೆಲೆ ತಿಂಗಳಿಗೆ 926 ರೂಪಾಯಿ! ಇನ್ನೊಂದು ಕಡೆ, ಏಳನೆಯ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಸರಕಾರದ ಅತ್ಯಂತ ಕೆಳಗಿನ ಹುದ್ದೆಗೂ ಮೂಲವೇತನ 27,000 ರೂಪಾಯಿ. ಜವಾನನ ಮೇಲೆ ನನಗೆ ಮತ್ಸರವಿಲ್ಲ. ಅವನಿಗೆ ದೊರೆತುದು ನ್ಯಾಯವಾಗಿಯೇ ದೊರೆತಿದೆ. ಅವನು ಗಂಟೆ ಬಾರಿಸಿದ ಮೇಲೆ ವರ್ಗದೊಳಗೆ ಹೋಗುವ ಶಿಕ್ಷಕಿಗೆ ಅದರ ಅರ್ಧವೂ ಏಕೆ ಇಲ್ಲವೆಂಬುದಷ್ಟೇ ಪ್ರಶ್ನೆ.

ಹಣ ಕಡಿಮೆಯಾದುದಕ್ಕಿಂತ ದೊಡ್ಡ ಸಂಗತಿಯೊಂದು ಇದರಲ್ಲಿ ಅಡಗಿದೆ. ಮಣ್ಣು ಹೊರುವವರ ಹಿಂದೆ ಒಂದು ಕಾಯಿದೆಯಿದ್ದಿತು. ಶಿಕ್ಷಕಿಯ ಹಿಂದೆ ಇರುವುದು ಬರಿಯ ಸರಕಾರಿ ಆಜ್ಞೆ. ಇದರ ಅಂತರವನ್ನು ಎರಡು ತೀರ್ಪುಗಳಿಂದ ತಿಳಿಸುವೆನು. ದಿಲ್ಲಿಯಲ್ಲಿ ಏಷ್ಯಾಡ್ ಕ್ರೀಡೆಗಳಿಗಾಗಿ ಕಟ್ಟಡ ಕಟ್ಟುತ್ತಿದ್ದ ಕೂಲಿಕಾರರ ಮೊಕದ್ದಮೆಯಲ್ಲಿ 1982ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲಾತ್ಕಾರದ ದುಡಿಮೆಯೇ ಸರಿ ಎಂದಿತು. ಮರುವರ್ಷ ರಾಜಸ್ಥಾನದ ಬರಗಾಲದ ಕಾಮಗಾರಿಯ ಪ್ರಕರಣ ಬಂದಿತು. ಇದು ಹಸಿದವರಿಗೆ ನೀಡುವ ನೆರವು, ಕಡಿಮೆ ಕೊಟ್ಟರೆ ತಪ್ಪೇನು ಎಂದು ಸರಕಾರ ವಾದಿಸಿತು. ನ್ಯಾಯಾಲಯವು ಆ ವಾದಕ್ಕೂ ಕಿವಿಗೊಡಲಿಲ್ಲ. ಹಸಿವೆಯ ಲಾಭ ಪಡೆಯುವ ಹಕ್ಕು ಸರಕಾರಕ್ಕೂ ಇಲ್ಲವೆಂದಾಯಿತು.

ಹಾಗಾದರೆ ಶಿಕ್ಷಕಿಯೂ ಇದೇ ಬಾಗಿಲನ್ನು ತಟ್ಟಬಹುದಲ್ಲವೇ ಎಂದು ನೀವು ಕೇಳಬಹುದು. ತಟ್ಟಲು ಮೊದಲು 'ಕನಿಷ್ಠ'ವೆಂಬುದೊಂದು ನಿಗದಿಯಾಗಿರಬೇಕು. ನೆಲವೇ ಇಲ್ಲದ ಕಡೆ ನೆಲಕ್ಕಿಂತ ಕೆಳಗಿಳಿದೆನೆಂದು ದೂರುವುದು ಹೇಗೆ? ಹರಿಯಾಣಾ ಸರಕಾರವು ಮನ್ನಣೆಯಿಲ್ಲದ ಖಾಸಗಿ ಶಾಲೆಗಳ ಶಿಕ್ಷಕರನ್ನು 1948ರ ಕನಿಷ್ಠ ವೇತನ ಕಾಯಿದೆಯ ಕಕ್ಷೆಗೆ ತರಲು ಯತ್ನಿಸಿದಾಗ, ಪಾಠ ಹೇಳುವುದು ಆ ಕಾಯಿದೆ ಎಣಿಸಿದ ಯಾವ ಬಗೆಯ ಕೆಲಸಕ್ಕೂ ಸೇರದೆಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಶಾಲೆಯ ಕಾರಕೂನನು ಕಾಯಿದೆಯ ಒಳಗೆ, ಶಿಕ್ಷಕನು ಹೊರಗೆ! 1988ರಲ್ಲಿಯೇ ಗೋವೆಯ ಒಂದು ಪ್ರಕರಣದಲ್ಲಿ ಶಿಕ್ಷಕನು ಔದ್ಯೋಗಿಕ ವಿವಾದ ಕಾಯಿದೆಯ ಅರ್ಥದಲ್ಲಿ ಕಾರ್ಮಿಕನಲ್ಲವೆಂದು ಹೇಳಲಾಗಿತ್ತು. ಅವನ ಕೆಲಸವು ಅಷ್ಟು ಪವಿತ್ರವಾದುದಂತೆ. ಪೂಜೆಗೆ ಪಾತ್ರನಾದವನು ಪಗಾರಕ್ಕೆ ಅಪಾತ್ರನಾಗುವ ಈ ವೈಚಿತ್ರ್ಯವನ್ನು ನಮ್ಮ ನ್ಯಾಯಶಾಸ್ತ್ರವು ಬಹುಕಾಲ ಹೊತ್ತುಕೊಂಡು ಬಂದಿದೆ. 2025ರ ಆಗಸ್ಟ್ ತಿಂಗಳಲ್ಲಿ ಗುಜರಾಥದ ಗುತ್ತಿಗೆ ಅಧ್ಯಾಪಕರಿಗೆ ಕನಿಷ್ಠ ವೇತನಶ್ರೇಣಿ ಕೊಡಿಸುವಾಗ, ಸಮಾರಂಭಗಳಲ್ಲಿ ಗುರುಸ್ತುತಿಯ ಶ್ಲೋಕ ಹೇಳಿದರೆ ಸಾಲದೆಂದು ಸರ್ವೋಚ್ಚ ನ್ಯಾಯಾಲಯವೇ ನುಡಿಯಬೇಕಾಯಿತು.

ಶಾಸನವು ಮನಸ್ಸು ಮಾಡಿದರೆ ಇದನ್ನು ತಿದ್ದಬಲ್ಲದು. ಶಿಕ್ಷಕರಿಗೆ ಉಪದಾನದ ಹಕ್ಕಿಲ್ಲವೆಂದು 2004ರಲ್ಲಿ ತೀರ್ಪಾಯಿತು. ಪಾರ್ಲಿಮೆಂಟು 2009ರಲ್ಲಿ ಕಾಯಿದೆಗೆ ತಿದ್ದುಪಡಿ ಮಾಡಿ, 1997ರಿಂದಲೇ ಅನ್ವಯಿಸುವಂತೆ ಆ ಹಕ್ಕನ್ನು ಕೊಟ್ಟಿತು. 2022ರಲ್ಲಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. 2019ರ ವೇತನ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಅದರಲ್ಲಿ 'ಉದ್ಯೋಗಿ' ಶಬ್ದದ ವ್ಯಾಖ್ಯೆ ಮೊದಲಿಗಿಂತ ವಿಶಾಲವಾಗಿದೆ, ನಿಜ. ಆದರೆ 'ಬೋಧನೆ'ಯೆಂಬ ಮಾತು ಅಲ್ಲಿಯೂ ಇಲ್ಲ. ಅದನ್ನು ನೆಚ್ಚಿ ದಾವೆ ಹೂಡಿರೆಂದು ನನ್ನ ಕಕ್ಷಿದಾರರಿಗೆ ನಾನು ಧೈರ್ಯವಾಗಿ ಹೇಳಲಾರೆನು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು 2009ರ ಶಿಕ್ಷಣ ಹಕ್ಕಿನ ಕಾಯಿದೆ. ಅದರ ಅನುಸೂಚಿಯನ್ನು ತೆರೆದು ನೋಡಿರಿ. ಶಾಲೆಗೆ ಆವರಣದ ಗೋಡೆ ಇರಬೇಕು, ಆಟದ ಬಯಲು ಇರಬೇಕು, ಬಿಸಿಯೂಟದ ಅಡಿಗೆಮನೆ ಇರಬೇಕು. ಒಂದರಿಂದ ಐದನೆಯ ಇಯತ್ತೆಯವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟರವರೆಗೆ 220 ದಿನ ಶಾಲೆ ನಡೆಯಬೇಕು. ಶಿಕ್ಷಕನು ಪೂರ್ವಸಿದ್ಧತೆಯೂ ಸೇರಿ ವಾರಕ್ಕೆ ಕನಿಷ್ಠ 45 ಗಂಟೆ ದುಡಿಯಬೇಕು. ಮಂಜೂರಾದ ಹುದ್ದೆಗಳಲ್ಲಿ ಹತ್ತನೆಯ ಒಂದಂಶಕ್ಕಿಂತ ಹೆಚ್ಚು ಖಾಲಿ ಇರಕೂಡದು. ವೇತನದ ಮಾತು ಬಂದಾಗ ಮಾತ್ರ 23ನೆಯ ಕಲಮು, ಅದು 'ನಿಯಮಿಸಲಾದಂತೆ' ಇರತಕ್ಕದ್ದೆಂದು ಹೇಳಿ ಸುಮ್ಮನಾಗುವುದು. ದುಡಿಮೆಯ ಕನಿಷ್ಠವು ಕಾಯಿದೆಯಲ್ಲಿದೆ, ಪ್ರತಿಫಲದ ಕನಿಷ್ಠವು ಕಾಯಿದೆಯಲ್ಲಿಲ್ಲ. ಗೋಡೆಗಿರುವ ಭದ್ರತೆಯೂ ಗುರುವಿಗಿಲ್ಲ.

ಇದು ಹೊಸ ಬೇಡಿಕೆಯೇನಲ್ಲ. 1937ರಲ್ಲಿ ವರ್ಧಾ ಯೋಜನೆಯನ್ನು ರೂಪಿಸಿದ ಝಾಕಿರ ಹುಸೇನ ಸಮಿತಿಯು, ಗ್ರಾಮಶಿಕ್ಷಕನಿಗೆ ಸಾಧ್ಯವಾದರೆ 25 ರೂಪಾಯಿ ಕೊಡಬೇಕು, 20ಕ್ಕಿಂತ ಕಡಿಮೆ ಕೂಡದು ಎಂದು ಆ ಬಡತನದ ಕಾಲದಲ್ಲಿಯೂ ಗೆರೆ ಎಳೆದಿತ್ತು. ಕೊಠಾರಿ ಆಯೋಗವು 1966ರಲ್ಲಿ, ಶಾಲಾ ಶಿಕ್ಷಕರ ಕನಿಷ್ಠ ವೇತನಶ್ರೇಣಿಯನ್ನು ಭಾರತ ಸರಕಾರವೇ ಗೊತ್ತುಪಡಿಸಬೇಕೆಂದಿತು. ಶಿಫಾರಸು ಶಿಫಾರಸಾಗಿಯೇ ಉಳಿಯಿತು.

ಪರದೇಶದ ಅನುಭವವನ್ನೂ ತುಸು ಕೇಳಿರಿ. ಇಂಗ್ಲೆಂಡಿನಲ್ಲಿ 1919ರಲ್ಲಿ ಬರ್ನಹ್ಯಾಮ್ ಸಮಿತಿಯು ರಚಿತವಾಗಿ, ಶಿಕ್ಷಕರೂ ಸ್ಥಳೀಯ ಅಧಿಕಾರಿಗಳೂ ಕೂಡಿ ವೇತನಶ್ರೇಣಿ ಗೊತ್ತುಮಾಡಿದರು. ಆದರೆ ಅದಕ್ಕೆ ಕಾಯಿದೆಯ ಬಲವಿರಲಿಲ್ಲ. ಮಿತವ್ಯಯದ ಗಾಳಿ ಬೀಸುತ್ತಲೇ ಶಿಕ್ಷಕರು 1923ರಲ್ಲಿ ನೂರಕ್ಕೆ ಐದರಷ್ಟು ಕಡಿತಕ್ಕೆ ತಾವಾಗಿ ಒಪ್ಪಿದರು. ಲೋಸ್ಟಾಫ್ಟ್ ಎಂಬ ಮೀನುಗಾರರ ಪಟ್ಟಣದ ಅಧಿಕಾರಿಗಳಿಗೆ ಅದೂ ಸಾಲದೆ, ನೂರಕ್ಕೆ ಹತ್ತನ್ನು ಕಡಿಯಹೊರಟರು. ಒಪ್ಪದ ಶಿಕ್ಷಕರನ್ನು ಹೊರಹಾಕಿದರು. ಆ ಶಿಕ್ಷಕರು ಎದೆಗೆಡಲಿಲ್ಲ. ಬೇರೆ ಸ್ಥಳಗಳಲ್ಲಿ ತಾವೇ ಪಾಠ ಆರಂಭಿಸಿದರು. ತಾಯಿತಂದೆಗಳು ಮಕ್ಕಳನ್ನು ಅಲ್ಲಿಗೇ ಕಳಿಸಿದರು. ಹಲವು ತಿಂಗಳ ಮೇಲೆ ಅಧಿಕಾರಿಗಳೇ ಮಣಿಯಬೇಕಾಯಿತು. 1944ರ ಶಿಕ್ಷಣ ಕಾಯಿದೆ ಬಂದ ಮೇಲೆಯೇ ಆ ಶ್ರೇಣಿಯು ಎಲ್ಲ ಸ್ಥಳೀಯ ಅಧಿಕಾರಿಗಳನ್ನೂ ಕಟ್ಟಿಹಾಕಿತು.

ಅಮೇರಿಕೆಯ ಆರ್ಕಾನ್ಸಾ ಸಂಸ್ಥಾನವು 2023ರಲ್ಲಿ ಸರಕಾರಿ ಶಾಲೆಯ ಶಿಕ್ಷಕರ ಕನಿಷ್ಠ ವಾರ್ಷಿಕ ವೇತನವನ್ನು 50,000 ಡಾಲರೆಂದು ಕಾಯಿದೆಯಲ್ಲಿಯೇ ಬರೆಯಿತು. ಆದರೆ ಅನುಭವಕ್ಕನುಸಾರವಾಗಿ ಏರುವ ಶಾಸನಬದ್ಧ ಮೆಟ್ಟಿಲುಗಳನ್ನು ಅದೇ ಕಾಯಿದೆ ತೆಗೆದುಹಾಕಿತು. ಇಪ್ಪತ್ತು ವರ್ಷ ಪಾಠ ಹೇಳಿದವರೂ ನಿನ್ನೆ ಬಂದವರೂ ಒಂದೇ ಸಾಲಿನಲ್ಲಿ ನಿಲ್ಲುವ ಸ್ಥಿತಿಗೆ ಇದರಿಂದ ದಾರಿಯಾಯಿತು. ಕನಿಷ್ಠವೇ ಗರಿಷ್ಠವಾಗದಂತೆ ನಾವು ಎಚ್ಚರವಹಿಸಬೇಕು.

ಬೊಕ್ಕಸದಲ್ಲಿ ಹಣವಿಲ್ಲವೆಂಬ ಮಾತು ಬಂದೇ ಬರುವುದು. ಇಲ್ಲದಿರಬಹುದು, ಅದನ್ನು ನಾನು ಹಗುರಾಗಿ ತಳ್ಳಿಹಾಕುವುದಿಲ್ಲ. ಆದರೆ ಹುದ್ದೆಯೊಂದನ್ನು ಖಾಲಿ ಇಟ್ಟು, ಅದೇ ಕೆಲಸವನ್ನು ಅತಿಥಿಯಿಂದ ಮಾಡಿಸಿಕೊಂಡು ಉಳಿಸಿದ ಹಣವು ಆ ಶಿಕ್ಷಕಿಯ ಮನೆಯಿಂದ ಎತ್ತಿದ ಕರವೇ ಆಗಿದೆ. ಕರ ಹಾಕುವುದಾದರೆ ಶಾಸನಸಭೆಯಲ್ಲಿ ಬಹಿರಂಗವಾಗಿ ಹಾಕಲಿ. ಕಾಯಿದೆಯಲ್ಲಿರುವ ಅಂಕಿಯನ್ನು ಇಳಿಸಬೇಕಾದರೆ ಮಂತ್ರಿಗಳು ಸಭೆಯಲ್ಲಿ ಎದ್ದುನಿಂತು ಕಾರಣ ಹೇಳಬೇಕಾಗುವುದು. ಸುತ್ತೋಲೆಯಲ್ಲಿ ಇಳಿಸಿದರೆ ಕೇಳುವವರಾರು?

ನಾನು ಕೋರುವ ಮಸೂದೆ ಉದ್ದವಾದುದಲ್ಲ. ಸರಕಾರಿ ಶಾಲೆಯಲ್ಲಿ ಯಾವ ಹೆಸರಿನಿಂದ ಪಾಠ ಹೇಳಿದರೂ, ಅದೇ ಹುದ್ದೆಯ ಖಾಯಂ ಶ್ರೇಣಿಯ ಮೊದಲ ಮೆಟ್ಟಿಲಿಗಿಂತ ಕಡಿಮೆ ಕೊಡಕೂಡದು. ಹಂಗಾಮಿ ನೌಕರರ ವಿಷಯದಲ್ಲಿ ಪಂಜಾಬದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಎತ್ತಿಹಿಡಿದ ತತ್ತ್ವವೇ ಇದು. ಆದರೆ ಈಗ ಒಬ್ಬೊಬ್ಬರೂ ಕೋರ್ಟಿನ ಮೆಟ್ಟಿಲು ಹತ್ತಿ, ನಮ್ಮಂಥ ವಕೀಲರಿಗೆ ಫೀ ಕೊಟ್ಟು, ಅದನ್ನು ದೊರಕಿಸಿಕೊಳ್ಳಬೇಕಾಗಿದೆ. ಮುಂದೆ, ಬೇಸಿಗೆ ಸೂಟಿಯಲ್ಲಿಯೂ ಹೊಟ್ಟೆಯಿರುವುದರಿಂದ ವೇತನವು ಹನ್ನೆರಡು ತಿಂಗಳಿನದಾಗಿರಬೇಕು. ತಿಂಗಳ ಗೊತ್ತಾದ ದಿನ ದಾಟಿದರೆ ಬಡ್ಡಿ ಸಹಿತ ಕೊಡಬೇಕು. ತುಟ್ಟಿಭತ್ಯೆ ಏರಿದಂತೆ ಕನಿಷ್ಠವೂ ತಾನಾಗಿಯೇ ಏರಬೇಕು. ಪ್ರತಿ ಆಯವ್ಯಯದಲ್ಲಿಯೂ ಚಪ್ಪಾಳೆಗಾಗಿ ಕಾಯಕೂಡದು.

ಈ ಮಸೂದೆಯ ಕರಡನ್ನು ನಾನೂ ನನ್ನ ಇಬ್ಬರು ವಕೀಲ ಮಿತ್ರರೂ ಬರೆಯಲಾರಂಭಿಸಿದ್ದೇವೆ. ಅದರೊಡನೆ ನಮ್ಮ ಜಿಲ್ಲೆಯ ಶಾಸಕರೆಲ್ಲರ ಮುಂದಿಡಲು ಕಾಗದಪತ್ರಗಳು ಬೇಕಾಗಿವೆ. ನಿಮ್ಮಲ್ಲಿ ಅತಿಥಿ ಶಿಕ್ಷಕರಾಗಿರುವವರು ನೇಮಕದ ಆಜ್ಞಾಪತ್ರದ ಪ್ರತಿಯನ್ನೂ, ಹಣ ಜಮೆಯಾದ ದಿನಗಳನ್ನು ತೋರಿಸುವ ಬ್ಯಾಂಕ್ ಪುಸ್ತಕದ ಪ್ರತಿಯನ್ನೂ ಈ ಸಭೆಯ ಕಾರ್ಯದರ್ಶಿಗಳ ಕೈಗೆ ಕೊಡಿರಿ. ಹೆಸರು ಬೇಡವೆನ್ನುವವರ ಹೆಸರನ್ನು ಅಳಿಸಿಯೇ ಮುಂದೆ ಕಳಿಸುವೆವು. ನನ್ನ ಕಚೇರಿಗೆ ಬಂದಿದ್ದ ಆ ಶಿಕ್ಷಕಿಯವರು ತಮ್ಮ ಹೆಸರನ್ನು ಅಳಿಸಬೇಡಿರೆಂದು ಈಗಾಗಲೇ ಹೇಳಿದ್ದಾರೆ.