ಥೋರನ ಹೊಟ್ಟೆ, ಹನುಮನ ಹುಬ್ಬು

(ಸಂಘದ ಸಂಸ್ಥಾಪನಾ ದಿನಾಚರಣೆಯಂದು ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ ಮಾಡಿದ ಭಾಷಣದ ಬರಹರೂಪ)



ವೈದ್ಯನ ಕೈಗೆ ಮೈಕ್ ಕೊಟ್ಟರೆ ಸಕ್ಕರೆ ಕಾಯಿಲೆಯ ಮಾತೇ ಬರುತ್ತದೆಂದು, ಅದೂ ಹೋಳಿಗೆ ಊಟಕ್ಕೆ ಮುಂಚೆ, ತಾವು ಹೆದರಿರಬಹುದು. ಹೊಟ್ಟೆಯ ವಿಷಯ ಬಂದೇ ಬರುತ್ತದೆ. ಆದರೆ ಅದು ತಮ್ಮದಲ್ಲ, ಥೋರ್ ಎಂಬ ದೇವರದು.

ಥೋರ್ ಉತ್ತರ ಯುರೋಪಿನ ನಾರ್ಸ್ ಜನರ ಗುಡುಗಿನ ದೇವರು. ನಮ್ಮ ಇಂದ್ರನನ್ನೂ ಭೀಮನನ್ನೂ ಒಂದೇ ಮೈಯಲ್ಲಿ ತುಂಬಿ ಕೈಗೆ ಸುತ್ತಿಗೆ ಕೊಟ್ಟರೆ ಹೇಗೋ ಹಾಗೆ. 2021ರ ಸೆಪ್ಟೆಂಬರ್‌ನಲ್ಲಿ 'ಗಾಡ್ ಆಫ್ ವಾರ್ ರಾಗ್ನರೋಕ್' ಎಂಬ ವಿಡಿಯೋ ಗೇಮಿನ ಚಿತ್ರಗಳು ಹೊರಬಂದಾಗ ಅದರ ಥೋರನಿಗೆ ದೊಡ್ಡ ಹೊಟ್ಟೆಯಿತ್ತು. ನಮ್ಮ ಆಸ್ಟ್ರೇಲಿಯಾದ ಕ್ರಿಸ್ ಹೆಮ್ಸ್‌ವರ್ತ್ 2011ರಿಂದ ಸಿನಿಮಾದಲ್ಲಿ ತೋರಿಸಿದ ಕಟೆದಿಟ್ಟ ಮೈಗೆ ಒಗ್ಗಿಕೊಂಡವರು ಕೋಪಿಸಿಕೊಂಡರು. ಅಂಗ್ರಬೋದ ಎಂಬವಳನ್ನು ಕಪ್ಪು ಹುಡುಗಿಯಾಗಿ ಚಿತ್ರಿಸಿದ್ದಕ್ಕೆ ಇನ್ನೊಂದು ಜಗಳ. ಮರುವರ್ಷದ ನವೆಂಬರ್‌ನಲ್ಲಿ ಗೇಮ್ ಮಾರಾಟಕ್ಕೆ ಬಂತು. ಜಗಳ ಮಾತ್ರ ಹನ್ನೊಂದನೇ ತರಗತಿಯ ನನ್ನ ಮಗನ ಮೂಲಕ ಕಳೆದ ಶಾಲಾ ರಜೆಯಲ್ಲಿ ನಮ್ಮ ಮನೆಯ ಹಜಾರಕ್ಕೂ ಬಂತು. ಅವನೂ ಗೆಳೆಯನೂ ವಾದಿಸುತ್ತಿದ್ದರು, ನಾನು ಚಹಾ ಹಿಡಿದು ನಿಂತೆ.

ವೈದ್ಯನಾಗಿ ಹೇಳಬೇಕಾದದ್ದು ಇಷ್ಟೇ. ಹೊಟ್ಟೆಯ ಮೇಲೆ ಕಾಣುವ ಆ ಆರು ಗಂಟುಗಳು ಚರ್ಮದ ಕೆಳಗಿನ ಕೊಬ್ಬು ಕಡಿಮೆಯಾದುದರ ಗುರುತು, ಬಲದ ಅಳತೆಯಲ್ಲ. ಒಲಿಂಪಿಕ್ಸ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಭಾರ ಎತ್ತುವವರನ್ನು ನೋಡಿ, ಹೆಚ್ಚಿನವರಿಗೆ ಒಳ್ಳೆಯ ಹೊಟ್ಟೆಯೇ ಇರುತ್ತದೆ. ಇನ್ನು ಹಳೆಯ ನಾರ್ಸ್ ಹಾಡೊಂದರಲ್ಲಿ ರಾಕ್ಷಸನೊಬ್ಬ ಥೋರನ ಸುತ್ತಿಗೆ ಕದ್ದು, ಫ್ರೇಯಾ ದೇವಿಯನ್ನು ಮದುವೆ ಮಾಡಿಕೊಟ್ಟರೆ ಮಾತ್ರ ಹಿಂದಿರುಗಿಸುತ್ತೇನೆ ಎನ್ನುತ್ತಾನೆ. ಥೋರನೇ ಮದುಮಗಳ ವೇಷದಲ್ಲಿ ಹೋಗಿ ಒಂದು ಎತ್ತು, ಎಂಟು ಸಾಲ್ಮನ್ ಮೀನು ತಿಂದು, ಮೂರು ಪೀಪಾಯಿ ಜೇನುಮದ್ಯ ಕುಡಿಯುತ್ತಾನೆ. ಕೀಚಕವಧೆಯಲ್ಲಿ ಸೀರೆ ಉಟ್ಟ ಭೀಮ, ಬಕಾಸುರನ ಬಂಡಿ ಅನ್ನ ಉಂಡ ಭೀಮ, ಎರಡೂ ಕಥೆ ಒಂದೇ ಹಾಡಿನಲ್ಲಿ! ಇಂಥವನಿಗೆ ಹೊಟ್ಟೆ ಕೊಟ್ಟವರು ಕಥೆ ಓದಿಕೊಂಡೇ ಕೊಟ್ಟಿದ್ದಾರೆ. ಅಂಗ್ರಬೋದಳ ಬಗ್ಗೆ ಹಳೆಯ ಗ್ರಂಥಗಳು ಹೇಳುವುದೇ ತೀರ ಸ್ವಲ್ಪ. ನಾವು ಮೂಲ ಎನ್ನುವ ಸ್ನೋರಿಯ ಎಡ್ಡಾ ಕೂಡ ಸುಮಾರು 1220ರದು, ಐಸ್‌ಲ್ಯಾಂಡ್ ಕ್ರೈಸ್ತಮತಕ್ಕೆ ಸೇರಿ ಇನ್ನೂರು ವರ್ಷವಾದ ಮೇಲೆ ಬರೆದದ್ದು.

ಇಲ್ಲಿಗೆ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ನಾನು, "ಬಿಡ್ರೋ, ಇವತ್ತು ಥೋರನ್ನ ಪೂಜೆ ಮಾಡೋರು ಯಾರಿದ್ದಾರೆ?" ಎಂದೆ. "ಇದ್ದಾರೆ ಅಪ್ಪ" ಎಂದ ಮಗ. ಐಸ್‌ಲ್ಯಾಂಡಿನಲ್ಲಿ 1972ರಲ್ಲಿ ಹಳೆಯ ದೇವರುಗಳ ಭಕ್ತರು ಕೂಟ ಕಟ್ಟಿಕೊಂಡು, ಮರುವರ್ಷ ಸರ್ಕಾರದ ಮನ್ನಣೆಯನ್ನೂ ಪಡೆದರಂತೆ. ನೋಡಿದೆ, ನಿಜ. ಆಮೇಲೆ ಕೇಳಿದ: "ಹನುಮಂತನ್ನ ಯಾರಾದ್ರೂ ಹೀಗೆ ಬದಲಾಯಿಸಿದ್ರೆ ನೀನು ಸುಮ್ನಿರ್ತಿದ್ಯಾ?"

ಹೊರಗೆ ನಿಂತಿದ್ದ ನನ್ನ ಕಾರಿನ ಹಿಂದಿನ ಗಾಜಿನ ಮೇಲೆ ಬದಲಾದ ಹನುಮಂತನೇ ಇದ್ದ! ಕೇಸರಿ-ಕಪ್ಪಿನಲ್ಲಿ ಹುಬ್ಬು ಗಂಟಿಕ್ಕಿದ ಆ ಮುಖವನ್ನು ತಾವೆಲ್ಲ ಬೆಂಗಳೂರಿನ ರಸ್ತೆಗಳಲ್ಲಿ ಕಂಡಿದ್ದೀರಿ. ಅದನ್ನು 2015ರಲ್ಲಿ ಬರೆದವರು ಕಾಸರಗೋಡು ಜಿಲ್ಲೆಯ ಕುಂಬಳೆಯ ಕಲಾವಿದ ಕರಣ್ ಆಚಾರ್ಯ, ಊರಿನ ಗೆಳೆಯರ ಬಾವುಟಕ್ಕಾಗಿ. ನಾನೂ ಆ ಸೀಮೆಯವನೇ. ಪರ್ತ್‌ನವರಿಗೆ ಕುಂಬ್ಳೆ ಎಂದರೆ 2008ರಲ್ಲಿ ಇಲ್ಲಿನ ವಾಕಾ ಮೈದಾನದಲ್ಲಿ 600ನೇ ಟೆಸ್ಟ್ ವಿಕೆಟ್ ಪಡೆದ ಅನಿಲ್. ನಮಗೆ ಮಾತ್ರ ಅದು ಯಕ್ಷಗಾನಕ್ಕೆ ರಾಮಾಯಣ ಬರೆದುಕೊಟ್ಟ ಪಾರ್ತಿಸುಬ್ಬನ ಊರು.

ಹೊಸ ರೂಪ ಕೊಡುವುದೇ ತಪ್ಪೆಂದು ನಾವು ಹೇಳುವಂತಿಲ್ಲ. ಹಂಪಿಯ ಯಂತ್ರೋದ್ಧಾರಕ ಹನುಮಂತ ಪದ್ಮಾಸನ ಹಾಕಿ ಧ್ಯಾನಕ್ಕೆ ಕೂತಿದ್ದಾನೆ. ವ್ಯಾಸರಾಯರ ಸಂಪ್ರದಾಯದ ಹನುಮಂತನ ಬಾಲದ ತುದಿಗೆ ಗಂಟೆಯಿದೆ. ಅಜ್ಜಿಯರ ದೇವರ ಕೋಣೆಯ ಲಕ್ಷ್ಮೀ ಸರಸ್ವತಿಯರಿಗೆ ಆ ಸೀರೆ ಉಡಿಸಿದ್ದು ರಾಜಾ ರವಿವರ್ಮ. ಮುಂಬಯಿಯಲ್ಲಿ ಅವರ ಅಚ್ಚುಕೂಟ ಶುರುವಾದದ್ದು 1894ರಲ್ಲಿ. ಇಲ್ಲಿರುವ ಅರ್ಧ ಜನಕ್ಕೆ ಹಿರಣ್ಯಕಶಿಪು ಎಂದರೆ 1983ರ 'ಭಕ್ತ ಪ್ರಹ್ಲಾದ'ದ ಡಾ. ರಾಜಕುಮಾರ್ ಮುಖವೇ.

ಹಾಗಾದರೆ ನೋಯುವುದು ಎಲ್ಲಿ? 2012ರಲ್ಲಿ 'ಸ್ಮೈಟ್' ಎಂಬ ಅಮೆರಿಕದ ಗೇಮಿನ ಕಾಳಿಯ ಅರೆಬತ್ತಲೆ ರೂಪಕ್ಕೆ ಹಿಂದೂ ಮುಖಂಡರು ಪ್ರತಿಭಟಿಸಿದರು. ದೇವರನ್ನು ಆಟಗಾರನ ಬೆರಳು ಕುಣಿಸಬಾರದು ಎಂಬ ಆಕ್ಷೇಪವೂ ಇತ್ತು. ಇದು ನನಗೆ ಒಪ್ಪಿಗೆಯಾಗುವುದಿಲ್ಲ. ನಮ್ಮೂರಲ್ಲಿ ಯಕ್ಷಗಾನದ ಹೆಸರೇ 'ಆಟ'. ಚೌಕಿಯಲ್ಲಿ ಗಣಪತಿ ಪೂಜೆ ಮುಗಿಸಿ ದೇವರಾದವನು ಬೆಳಗಿನ ಜಾವ ಬಣ್ಣ ಒರೆಸಿಕೊಂಡು ಚಹಾ ಕುಡಿಯುತ್ತಾನೆ. ನಾನು ಚಿಕ್ಕವನಿದ್ದಾಗ ಹನುಮಂತ ಸಭೆಯ ನಡುವಿನಿಂದ ಹಾರಿ ಬಂದು ಅಂಗಡಿಯ ಗೊನೆಯಿಂದ ಬಾಳೆಹಣ್ಣು ಕಿತ್ತದ್ದುಂಟು, ಯಾರ ಭಕ್ತಿಯೂ ಕುಂದಲಿಲ್ಲ. ಬಟ್ಟೆಯ ಲೆಕ್ಕವೂ ನಿಲ್ಲದು, ನಮ್ಮ ಹಳೆಯ ಕಾಳಿ ದಿಗಂಬರೆಯೇ. ಆದರೆ ಆ ರುಂಡಮಾಲೆ ಕಂಡರೆ ಹುಟ್ಟಬೇಕಾದದ್ದು ಭಯ. ಗೇಮಿನವರು ಹುಟ್ಟಿಸಲು ಹೊರಟದ್ದು ಬೇರೆ. ನನ್ನ ತಕರಾರು ಅಲ್ಲಿದೆ. ಥೋರನ ಹೊಟ್ಟೆಯ ಒಳಗೆ ಕಥೆಯಿದೆ, ಆ ಕಾಳಿಯ ಉಡುಗೆಯ ಹಿಂದೆ ಕಥೆಯಿಲ್ಲ.

ಇದೇ ಅಳತೆಯನ್ನು ನನ್ನ ಕಾರಿಗೆ ಹಿಡಿದಾಗ ಕಷ್ಟವಾಯಿತು. ಅದು ಸಿಟ್ಟಲ್ಲ, ಗತ್ತು ಎಂದು ಕರಣ್ ಆಚಾರ್ಯರು ಹೇಳಿದ್ದಾರೆ. ಸಮುದ್ರ ಹಾರಿದವನಿಗೆ ಗತ್ತು ಇರಬಾರದೇ? ಆದರೆ ನಮ್ಮಮ್ಮ ಹೋದ ಸಲ ಇಲ್ಲಿಗೆ ಬಂದು, ವಾರ್ಟನ್ ರಸ್ತೆಯ ದೇವಸ್ಥಾನದ ಹೊರಗೆ ಆ ಸ್ಟಿಕ್ಕರ್ ನೋಡಿ, "ಮಗಾ, ಇವನ ಎದುರು ರಾಮ ಇಲ್ಲ ಅಲ್ಲವಾ?" ಎಂದಿದ್ದರು. ಬರೀ ಮುಖ, ಮುಗಿದ ಕೈಯೂ ಇಲ್ಲ, ಬಾಲವೂ ಇಲ್ಲ. ಆಗಲೂ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಸ್ಟಿಕ್ಕರ್ ತೆಗೆದಿಲ್ಲ, ಹೊರಗೆ ಹೋಗುವಾಗ ತಾವೇ ನೋಡಬಹುದು.

ಮಗನಿಗೂ ಉತ್ತರ ಕೊಡಲಿಲ್ಲ. ಎರಡು ದಿನ ಬಿಟ್ಟು ಅವನು ಕಂಪ್ಯೂಟರ್‌ನಲ್ಲಿ ಒಬ್ಬ ಭೀಮನನ್ನು ಬರೆಯತೊಡಗಿದ, ಹೊಟ್ಟೆ ಸಮೇತ. ಬಕಾಸುರನ ಬಂಡಿಯಲ್ಲಿ ಅನ್ನದ ಜೊತೆ ಏನೇನಿತ್ತು ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಅಮ್ಮನಿಗೆ ಫೋನ್ ಹಚ್ಚಿದೆವು. ಇಲ್ಲಿ ರಾತ್ರಿ ಹತ್ತು, ಊರಲ್ಲಿ ಏಳೂವರೆ, ದೇವರಿಗೆ ದೀಪ ಹಚ್ಚಿ ಕೂತಿದ್ದರು. ನಾನು ಮಲಗಲು ಹೋದಾಗ ಅಜ್ಜಿ-ಮೊಮ್ಮಗ ಇನ್ನೂ ಬಂಡಿ ತುಂಬಿಸುತ್ತಲೇ ಇದ್ದರು.