ಅಂಡಾಶಯ ತಿರುಚಿಕೊಂಡಾಗ ಸ್ಕ್ಯಾನಿಂಗ್ ಹೇಳುವುದೇನು?

ಗರ್ಭಕೋಶದ ಎಡಬಲಗಳಲ್ಲಿರುವ ಅಂಡಾಶಯಗಳು ಒಂದು ತುದಿಯಲ್ಲಿ ಗರ್ಭಕೋಶಕ್ಕೂ ಇನ್ನೊಂದು ತುದಿಯಲ್ಲಿ ಕಿಬ್ಬೊಟ್ಟೆಯ ಪಕ್ಕದ ಗೋಡೆಗೂ ರಜ್ಜುಗಳಿಂದ ಬಿಗಿದುಕೊಂಡು ತೂಗುತ್ತಿರುತ್ತವೆ. ನೀರ್ಗುಳ್ಳೆಯೋ ಗೆಡ್ಡೆಯೋ ಬೆಳೆದು ಭಾರವಾದ ಅಂಡಾಶಯ, ಅದರಲ್ಲೂ ಗಾತ್ರ 5 ಸೆಂಟಿಮೀಟರ್ ಮೀರಿದಾಗ, ಈ ರಜ್ಜುಗಳ ಮೇಲೆ ಹೊರಳಿ ರಕ್ತನಾಳಗಳ ಸಮೇತ ಹುರಿಗೊಳ್ಳುವುದುಂಟು; ಇದನ್ನೇ ವೈದ್ಯರು ಓವೇರಿಯನ್ ಟಾರ್ಷನ್ ಎನ್ನುತ್ತಾರೆ. ಎಳೆಯ ಹುಡುಗಿಯರಲ್ಲಿ ಯಾವ ಗೆಡ್ಡೆಯೂ ಇಲ್ಲದೆ ಇದು ಸಂಭವಿಸಬಹುದು. ಬಲಗಡೆಯಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದರಿಂದ, ಹಠಾತ್ತನೆ ಬರುವ ಕಿಬ್ಬೊಟ್ಟೆಯ ನೋವನ್ನೂ ವಾಂತಿಯನ್ನೂ ಅಪೆಂಡಿಸೈಟಿಸ್ ಎಂದು ತಪ್ಪಾಗಿ ತಿಳಿಯುವುದು ಅಪರೂಪವಲ್ಲ.

ಇಂಥ ಸಂದೇಹದಲ್ಲಿ ಮೊದಲು ಮಾಡುವ ಪರೀಕ್ಷೆ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್. ವಿವಾಹಿತ ಸ್ತ್ರೀಯರಲ್ಲಿ ಸಾಮಾನ್ಯವಾಗಿ ಯೋನಿಯ ಮೂಲಕ, ಎಳೆಯ ಹುಡುಗಿಯರಲ್ಲಿ ಮೂತ್ರಕೋಶ ತುಂಬಿದ ನಂತರ ಹೊಟ್ಟೆಯ ಮೇಲಿನಿಂದ ಇದನ್ನು ಮಾಡಲಾಗುತ್ತದೆ; ತುಂಬಿದ ಮೂತ್ರಕೋಶ ಗಾಳಿಯಿರುವ ಕರುಳನ್ನು ಪಕ್ಕಕ್ಕೆ ಸರಿಸಿ ಶಬ್ದತರಂಗಗಳಿಗೆ ದಾರಿ ಕೊಡುತ್ತದೆ. ತಿರುಚಿದ ಅಂಡಾಶಯ ಬಾವುಗೊಂಡು ಇನ್ನೊಂದು ಬದಿಯದಕ್ಕಿಂತ ಎದ್ದುಕಾಣುವಷ್ಟು ದೊಡ್ಡದಾಗಿರುತ್ತದೆ, ಎಷ್ಟೋ ಬಾರಿ ತನ್ನ ಜಾಗ ಬಿಟ್ಟು ನಡುಭಾಗಕ್ಕೆ ಸರಿದಿರುತ್ತದೆ, ಮತ್ತು ಕೋಶಕಗಳು, ಅಂದರೆ ಅಂಡಾಣುಗಳನ್ನು ಹೊತ್ತ ಪುಟ್ಟ ದ್ರವದ ಚೀಲಗಳು, ಒಳಗಿನ ಊತದಿಂದ ಅಂಚಿಗೆ ತಳ್ಳಲ್ಪಟ್ಟು ಸಾಲುಗಟ್ಟಿರುತ್ತವೆ. ಹುರಿಗೊಂಡ ನಾಳಗಳೇ ಸುಳಿಯಂತೆ ಸುತ್ತಿಕೊಂಡಿರುವುದು ಕಣ್ಣಿಗೆ ಬಿದ್ದರೆ ಸಂದೇಹ ಬಹುಮಟ್ಟಿಗೆ ನಿಜವೆಂದೇ ತಿಳಿಯಬೇಕು.

ರಕ್ತದ ಚಲನೆಯನ್ನು ಬಣ್ಣಗಳಲ್ಲಿ ತೋರಿಸುವ ಡಾಪ್ಲರ್ ಪರೀಕ್ಷೆಯಾದರೋ ಇಲ್ಲಿ ನೆರವಾಗುವಷ್ಟೇ ದಾರಿ ತಪ್ಪಿಸಲೂಬಲ್ಲದು. ರಕ್ತ ಹೊರಗೊಯ್ಯುವ ಅಭಿಧಮನಿಗಳ ಗೋಡೆ ತೆಳುವಾಗಿರುವುದರಿಂದ ತಿರುಚುವಿಕೆಯಲ್ಲಿ ಅವೇ ಮೊದಲು ಅದುಮಿಹೋಗುತ್ತವೆ. ರಕ್ತ ತರುವ ಅಪಧಮನಿಗಳು ಗಟ್ಟಿ ಗೋಡೆಯವಾದ್ದರಿಂದ ಇನ್ನೂ ಸ್ವಲ್ಪ ಕಾಲ ಮಿಡಿಯುತ್ತಲೇ ಇರುತ್ತವೆ. ಅಲ್ಲದೆ ಅಂಡಾಶಯಕ್ಕೆ ಮಹಾಪಧಮನಿಯಿಂದ ನೇರವಾಗಿಯೂ ಗರ್ಭಕೋಶದ ಅಪಧಮನಿಯ ಕವಲಿನಿಂದಲೂ, ಹೀಗೆ ಎರಡು ಕಡೆಯಿಂದ ರಕ್ತ ಬರುತ್ತದೆ. ಸುತ್ತು ಕೆಲವೊಮ್ಮೆ ತಾನಾಗಿ ಸಡಿಲಿ ಮತ್ತೆ ಬಿಗಿಯುವುದೂ ಉಂಟು. ಆದಕಾರಣ ಪರದೆಯ ಮೇಲೆ ರಕ್ತಸಂಚಾರ ಕಾಣದಿದ್ದರೆ ಅದು ಬಲವಾದ ಸಾಕ್ಷ್ಯವೆನಿಸುತ್ತದೆ, ಆದರೆ ಕಂಡಿತೆಂಬ ಮಾತ್ರಕ್ಕೆ ರೋಗವಿಲ್ಲವೆಂದು ನಿರ್ಧರಿಸಿ ರೋಗಿಯನ್ನು ಮನೆಗೆ ಕಳುಹಿಸುವುದು ಅಪಾಯಕರ. ವರದಿಯಲ್ಲಿ ‘ರಕ್ತಸಂಚಾರ ಸಹಜ’ ಎಂಬ ಸಾಲನ್ನು ಓದುವಾಗ ನೋವಿನ ಸ್ವರೂಪವನ್ನೂ ಊತದ ಪ್ರಮಾಣವನ್ನೂ ಜೊತೆಗಿಟ್ಟೇ ತೂಗಬೇಕಾಗುತ್ತದೆ.

ಸಿ.ಟಿ. ಸ್ಕ್ಯಾನ್ ಬಹುಪಾಲು ಅಪೆಂಡಿಸೈಟಿಸ್ ಅಥವಾ ಮೂತ್ರಪಿಂಡದ ಕಲ್ಲನ್ನು ಹುಡುಕಲು ಹೊರಟು ಇದನ್ನು ಪತ್ತೆಹಚ್ಚುತ್ತದೆ. ವಿಕಿರಣವಿಲ್ಲದ ಎಂ.ಆರ್.ಐ. ಗರ್ಭಿಣಿಯರಿಗೆ ಒಪ್ಪುವಂಥದಾದರೂ ಸಮಯ ಹಿಡಿಯುತ್ತದೆ, ತುರ್ತಿನಲ್ಲಿ ಎಲ್ಲೆಡೆ ಸಿಗುವುದೂ ಇಲ್ಲ.

ಖಚಿತ ನಿರ್ಣಯ ದೊರೆಯುವುದು ಶಸ್ತ್ರಕ್ರಿಯೆಯಲ್ಲೇ, ಸಾಮಾನ್ಯವಾಗಿ ಲ್ಯಾಪರೋಸ್ಕೋಪಿಯಲ್ಲಿ, ಎಂದರೆ ಹೊಟ್ಟೆಯ ಸಣ್ಣ ರಂಧ್ರದಿಂದ ಕ್ಯಾಮೆರಾ ತೂರಿಸಿ ನೋಡಿದಾಗ. ನೀಲಿಗಪ್ಪಾಗಿ ಸತ್ತಂತೆ ತೋರುವ ಅಂಡಾಶಯವನ್ನು ಹಿಂದೆ ತೆಗೆದುಹಾಕುವುದೇ ರೂಢಿಯಾಗಿತ್ತು. ಸುತ್ತು ಬಿಡಿಸಿದರೆ ಅಂಥವುಗಳಲ್ಲಿ ಬಹಳಷ್ಟು ಚೇತರಿಸಿಕೊಳ್ಳುತ್ತವೆಂದು ತಿಳಿದ ಮೇಲೆ, ಎಳೆವಯಸ್ಸಿನವರಲ್ಲಂತೂ, ಅದನ್ನು ಉಳಿಸಿಕೊಂಡು ಕೆಲವು ವಾರಗಳ ನಂತರ ಅಲ್ಟ್ರಾಸೌಂಡಿನಲ್ಲಿ ಹೊಸ ಕೋಶಕಗಳು ಬೆಳೆಯುತ್ತಿವೆಯೇ ಎಂದು ಪರಿಶೀಲಿಸುವ ಕ್ರಮ ಬಂದಿದೆ.