ಕೆಸರಿನ ಕಲೆ, ಕೈಯ ಕಲೆ
(ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)



ಭೂಮಂಡಲದ ವಾಯುವು ಕಾದಷ್ಟೂ ಹೆಚ್ಚು ನೀರಾವಿಯನ್ನು ಹೊರುವುದು. ಅದರಿಂದ ಒಮ್ಮೆಗೇ ಸುರಿಯುವ ಮಳೆಯ ರಭಸವೂ ಹೆಚ್ಚುವುದು. ಇಂಥ ಪ್ರವಾಹಗಳಲ್ಲಿ ಮನೆಮಾರುಗಳೊಡನೆ ಮನುಷ್ಯನ ಧೈರ್ಯವೂ ಕೊಚ್ಚಿಹೋಗುವುದು. ಅನ್ನ, ವಸ್ತ್ರ, ಸೂರುಗಳನ್ನು ಮೊದಲು ಒದಗಿಸಬೇಕೆಂಬುದರಲ್ಲಿ ವಾದವಿಲ್ಲ. ಆದರೆ ಹೋದ ಧೈರ್ಯವನ್ನು ಮರಳಿ ತರುವ ಬಗೆ ಯಾವುದು? ನೆರೆನಾಡಾದ ಕೇರಳದ ಒಂದೂರು ಇದಕ್ಕೆ ಉತ್ತರವನ್ನು ಕೊಟ್ಟಿರುವುದು.

ಎರ್ನಾಕುಳಂ ಜಿಲ್ಲೆಯ ಚೇಂದಮಂಗಲವು ಕೈಮಗ್ಗದ ವಸ್ತ್ರಗಳಿಗೆ ಹೆಸರಾದುದು. 2018ನೆಯ ಆಗಸ್ಟ್ ತಿಂಗಳಿನಲ್ಲಿ, ಓಣಂ ಹಬ್ಬದ ಮಾರಾಟಕ್ಕೆಂದು ನೇಯ್ದಿಟ್ಟಿದ್ದ ಸೀರೆ ಪಂಚೆಗಳು ನೆರೆನೀರಿನಲ್ಲಿ ಮುಳುಗಿದವು, ಮಗ್ಗಗಳೂ ಕೆಟ್ಟವು. ಕೆಸರಿನ ಕಲೆ ಹತ್ತಿದ ಸೀರೆಯನ್ನು ಕೊಳ್ಳುವವರಾರು? ಆಗ ಲಕ್ಷ್ಮೀ ಮೇನೋನ್, ಗೋಪಿನಾಥ ಪಾರಯಿಲ್ ಎಂಬಿಬ್ಬರು ಆ ಬಟ್ಟೆಗಳನ್ನು ಶುದ್ಧಿಮಾಡಿಸಿ, ಕತ್ತರಿಸಿ, ಗಂಟುಕಟ್ಟಿ, ಪುಟ್ಟ ಬೊಂಬೆಗಳನ್ನು ಮಾಡುವ ಉಪಾಯವನ್ನು ಕಂಡರು. ಬೊಂಬೆಗೆ ‘ಚೇಕ್ಕುಟ್ಟಿ’ ಎಂದು ಹೆಸರಾಯಿತು. ಕೆಸರನ್ನು ಗೆದ್ದ ಕೂಸೆಂದು ಅದರ ಭಾವ. ಸುಮಾರು 1300 ರೂಪಾಯಿಗೆ ಮಾರಬಹುದಾಗಿದ್ದ ಒಂದು ಸೀರೆಯಿಂದ 360 ಬೊಂಬೆಗಳಾಗುತ್ತಿದ್ದವು. ಒಂದಕ್ಕೆ 25 ರೂಪಾಯಿಯಂತೆ 9000 ರೂಪಾಯಿಯಾಗುತ್ತಿತ್ತು. ಆ ಹಣವು ನೇಕಾರರಿಗಾಗಿಯೇ ಸಂದಿತು. ಬೊಂಬೆ ಕಟ್ಟಲು ಊರೂರುಗಳಲ್ಲಿ ಜನರು ಸ್ವಂತ ಇಚ್ಛೆಯಿಂದ ಕೂಡಿದರು.

ನಮ್ಮ ನುಡಿಯಲ್ಲಿ ‘ಕಲೆ’ಯೆಂದರೆ ಕಲಂಕವೂ ಅಹುದು, ಕುಶಲವಿದ್ಯೆಯೂ ಅಹುದು. ಆ ಬೊಂಬೆಯಲ್ಲಿ ಇವೆರಡೂ ಒಂದಾದವು. ಕಲಂಕವನ್ನು ಯಾರೂ ಮುಚ್ಚಿಡಲಿಲ್ಲ. ಅದೇ ಬೊಂಬೆಯ ಗುರುತಾಯಿತು. ದುಃಖವನ್ನು ಮರೆಯಿಸುವುದು ಸಾಂತ್ವನವಲ್ಲ. ಅದನ್ನು ಹತ್ತು ಕೈಗಳು ಕೂಡಿ ಹೊರುವುದೇ ಸಾಂತ್ವನ.

ಜೇಡರ ದಾಸಿಮಯ್ಯನಂಥ ನೇಕಾರ ಶರಣನನ್ನು ಪೂಜಿಸುವ ನಮಗೆ ಇದು ಹೊಸ ತತ್ತ್ವವಲ್ಲ. ಬರಿಯ ದಾನವು ಪಡೆಯುವವನ ತಲೆಯನ್ನು ತಗ್ಗಿಸುವುದು, ಕಾಯಕವು ಎತ್ತುವುದು. 2019ರಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಪ್ರವಾಹದಿಂದ ನಮ್ಮ ಸೀಮೆಯೂ ನೊಂದಿತು. ಮುಂದೆ ಅಂಥ ವಿಪತ್ತು ಒದಗಿದಾಗ ಮಠದ ಅಂಗಳದಲ್ಲಿ ದಾಸೋಹದ ಒಲೆಯೊಡನೆ ಕಾಯಕದ ಮೂಲೆಯೊಂದೂ ಇರಲಿ. ನೆರೆಗೆ ಸಿಕ್ಕ ಸೀರೆಗಳನ್ನು ತೊಳೆದು ತಾಯಂದಿರು ಕೂಡಿ ಕೌದಿ ಹೊಲಿಯಲಿ; ಸಂಜೆಗೆ ಭಜನೆ ನಡೆಯಲಿ. ಆದರೆ ನೊಂದವರ ಕಣ್ಣೀರನ್ನು ಪ್ರದರ್ಶನಕ್ಕಿಡುವ ಕಾರ್ಯವಾಗದಿರಲಿ. ಬಂದ ಕಾಸು ಹೊಲಿದ ಕೈಗೇ ಸೇರಲಿ.

ಇಂಥ ಸೇವಾಬುದ್ಧಿಯನ್ನು ಶ್ರೀಗುರುವು ನಮಗೆಲ್ಲ ಕರುಣಿಸಲಿ.